ಮನೆ ಕಟ್ಟಲು ತಕ್ಕ ನೆಲ

ನಮ್ಮ ಪರಿಚಿತರೊಬ್ಬರು ಒಂದು ಬೇಸಗೆಯಲ್ಲಿ ಬಣ್ಣದ ನಕ್ಷೆಯೊಂದನ್ನು ಹಿಡಿದು ನಮ್ಮಲ್ಲಿಗೆ ಬಂದರು. ಬೆಂಗಳೂರಿನ ಹೊರವಲಯದಲ್ಲಿ ಏಳಲಿರುವ ಬಡಾವಣೆಯೊಂದರಲ್ಲಿ 30 ಅಡಿಗೆ 40 ಅಡಿಯ ನಿವೇಶನಕ್ಕೆ ಅವರು ಆಗಲೇ ಮುಂಗಡ ಕೊಟ್ಟಿದ್ದರು. ಇಪ್ಪತ್ತೆರಡು ವರ್ಷಗಳ ಉಳಿತಾಯವೆಲ್ಲ ಆ ತುಂಡು ನೆಲಕ್ಕೆ ಹೋಗುವುದರಲ್ಲಿತ್ತು. "ನೆಲ ಮಟ್ಟಸವಾಗಿದೆ, ದಾರಿ ಅಗಲವಾಗಿದೆ, ಪತ್ರಗಳನ್ನು ವಕೀಲರು ನೋಡಿದ್ದಾರೆ. ನೀವೂ ಒಮ್ಮೆ ಬಂದು ನೋಡಿ ಮೇಷ್ಟ್ರೇ" ಎಂದರು. ವಕೀಲರು ನೋಡುವುದು ನೆಲದ ಒಡೆತನವನ್ನು. ನೆಲವನ್ನೇ ನೋಡುವವರು ಯಾರು? ನಾವು ಒಪ್ಪಿಕೊಂಡೆವು.

ಒಂದು ನಿವೇಶನದ ಗುಣವನ್ನು ಅರಿಯಬೇಕಾದರೆ ಮೊದಲು ಊರಿನ ಮೈಕಟ್ಟನ್ನು ಅರಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯೊಂದರ ಬೆನ್ನಿನ ಮೇಲೆ ಕುಳಿತ ಊರು. ಆ ಬೆನ್ನಿನ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುತ್ತದೆ. ದೊಡ್ಡ ನದಿಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆಗಳ ಸರಪಣಿಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಸಾಗಿ ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಅರಕೆರೆ, ಕಲ್ಕೆರೆ ಮುಂತಾದ ಹೆಸರುಗಳು ಇದನ್ನು ಇಂದಿಗೂ ಸಾರುತ್ತಿವೆ. ಬೊಮ್ಮಸಂದ್ರ, ಸಿಂಗಸಂದ್ರಗಳ 'ಸಂದ್ರ'ವು 'ಸಮುದ್ರ'ವೆಂಬ ಮಾತಿನ ಸವೆದ ರೂಪವೆಂದು ಬಲ್ಲವರು ಹೇಳುತ್ತಾರೆ. ನಿವೇಶನ ಕೊಳ್ಳುವವರು ಊರಿನ ಹೆಸರನ್ನು ಒಮ್ಮೆ ಬಿಡಿಸಿ ಓದಿದರೆ ನಷ್ಟವೇನೂ ಇಲ್ಲ.

1898ರಲ್ಲಿ ಪ್ಲೇಗು ತಲೆದೋರಿದಾಗ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳು ಎತ್ತರದ ನೆಲದಲ್ಲಿದ್ದವು. ಬಡಾವಣೆಗಳನ್ನು ಮಾಡಲು 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೂ, ಅದರ ಸ್ಥಾನದಲ್ಲಿ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ಬಂದವು. ಎತ್ತರದ ನೆಲ ಮುಗಿಯುತ್ತ ಬಂದಂತೆ ಊರು ಕಣಿವೆಗಳಿಗೆ ಇಳಿಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಪಾತ್ರದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. 2022ರ ಸೆಪ್ಟೆಂಬರಿನಲ್ಲಿ ಊರಿನ ಪೂರ್ವಭಾಗದ ಬಡಾವಣೆಗಳಿಂದ ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಿದ ಚಿತ್ರಗಳನ್ನು ವಾಚಕರು ನೋಡಿರಬಹುದು.

ಇದರ ಹಿಂದಿನ ಲೆಕ್ಕ ಸರಳವಾದುದು. 20 ಹೆಕ್ಟೇರುಗಳ ಒಂದು ಹೊಲಗಾಡಿನ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದಿತೆನ್ನೋಣ. ಬಿದ್ದ ನೀರು 10,000 ಘನಮೀಟರ್, ಎಂದರೆ ಒಂದು ಕೋಟಿ ಲೀಟರ್. ಹೊಲವಾಗಿದ್ದರೆ ಅದರ ಕಾಲುಭಾಗದಷ್ಟು ಹರಿದುಹೋಗಿ ಉಳಿದುದು ಮಣ್ಣಿಗೆ ಇಂಗಬಹುದು. ಅದೇ ನೆಲಕ್ಕೆ ತಾರಸಿಯನ್ನೂ ಡಾಂಬರನ್ನೂ ಹೊದಿಸಿದರೆ ನೂರಕ್ಕೆ 85 ಪಾಲು ಹರಿಯುತ್ತದೆ. 2,500 ಘನಮೀಟರ್ ನೀರಿಗೆ ಸಾಕಾಗಿದ್ದ ಕಾಲುವೆ ಈಗ 8,500 ಘನಮೀಟರನ್ನು ಹೊರಬೇಕು. ಆದರೆ ಮನೆಗಳು ಏಳುವಾಗ ಕಾಲುವೆ ಅಗಲವಾಗುವುದು ಅಪರೂಪ, ಕಿರಿದಾಗುವುದೇ ವಾಡಿಕೆ. ನೀರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ತಗ್ಗಾದ ಕಡೆಗೆ ಹೋಗುತ್ತದೆ, ಅಷ್ಟೆ.

ಪರಿಚಿತರ ನಿವೇಶನಕ್ಕೆ ನಾವು ಇಬ್ಬರು ವಿದ್ಯಾರ್ಥಿಗಳೊಡನೆ ಹೋದೆವು. ನಮ್ಮ ಸಲಕರಣೆಗಳು ಗಾರೆಕೆಲಸದವರು ಮಟ್ಟ ನೋಡಲು ಬಳಸುವ 20 ಮೀಟರ್ ಉದ್ದದ ಪಾರದರ್ಶಕ ಕೊಳವೆ, ಎರಡು ಅಳತೆಗೋಲು, ಒಂದು ಗಾಜಿನ ಸೀಸೆ, ಒಂದು ಗುದ್ದಲಿ. ಕೊಳವೆಯಲ್ಲಿ ತುಂಬಿದ ನೀರು ಎರಡು ತುದಿಗಳಲ್ಲಿಯೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎರಡೂ ಕಡೆ ಆ ಮಟ್ಟವು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆದು ಕಳೆದರೆ ಇಳಿತ ದೊರೆಯುತ್ತದೆ. ದೊಡ್ಡ ರಸ್ತೆಯಿಂದ ನಿವೇಶನದವರೆಗಿನ 300 ಮೀಟರ್ ದೂರವನ್ನು ಹದಿನೈದು ಹಂತಗಳಲ್ಲಿ ಅಳೆದೆವು. ಇಳಿತ 1.6 ಮೀಟರ್ ಬಂತು. ಸುಮಾರು 190ಕ್ಕೆ 1ರ ಇಂಥ ಇಳಿಜಾರು ಕಣ್ಣಿಗೆ ತೋರುವುದಿಲ್ಲ. ಆದುದರಿಂದಲೇ ಪರಿಚಿತರಿಗೆ ನೆಲ ಮಟ್ಟಸವಾಗಿ ಕಂಡಿತ್ತು.

ಬಳಿಕ ಒಂದು ಮೊಳ ಆಳದ ಮಣ್ಣನ್ನು ತೆಗೆದು ಸೀಸೆಯಲ್ಲಿ ನೀರಿನೊಡನೆ ಚೆನ್ನಾಗಿ ಕುಲುಕಿ ಇಟ್ಟೆವು. ದ್ರವದಲ್ಲಿ ಮುಳುಗುವ ಸಣ್ಣ ಕಣದ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆಂಬ ಸ್ಟೋಕ್ಸನ ನಿಯಮವನ್ನು ಕಾಲೇಜು ವಿದ್ಯಾರ್ಥಿಗಳು ಓದಿರುತ್ತಾರೆ. 0.05 ಮಿಲಿಮೀಟರ್ ವ್ಯಾಸದ ನವಿರಾದ ಮರಳಿನ ಕಣವು 10 ಸೆಂಟಿಮೀಟರ್ ಇಳಿಯಲು ಮುಕ್ಕಾಲು ನಿಮಿಷ ಸಾಕು. ಅದರ 25ನೆಯ ಒಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ 625 ಪಟ್ಟು ಕಾಲ, ಎಂದರೆ ಸುಮಾರು 8 ಗಂಟೆ ಬೇಕು. ನಮ್ಮ ಸೀಸೆಯ ನೀರು ಸಂಜೆಯಾದರೂ ಕೆಸರಿನಂತೆಯೇ ಇತ್ತು. ಅದು ಜೇಡಿಮಣ್ಣು, ಬಹುಮಟ್ಟಿಗೆ ಹಳೆಯ ಕೆರೆಯ ಹೂಳು.

ಹೂಳಿನ ಮೇಲೆ ಮನೆ ನಿಲ್ಲದೆ? ನಿಲ್ಲುತ್ತದೆ, ಆದರೆ ನಿಧಾನವಾಗಿ ಕುಸಿಯುತ್ತ ನಿಲ್ಲುತ್ತದೆ. ಮನೆಯ ಭಾರಕ್ಕೆ ಜೇಡಿಯ ಸಂದುಗಳಲ್ಲಿರುವ ನೀರು ಹಿಂಡಿ ಹೊರಬರಬೇಕು. ಸಂದುಗಳು ಅತಿಸೂಕ್ಷ್ಮವಾದುದರಿಂದ ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರು 1920ರ ದಶಕದಲ್ಲಿ ಇದರ ಗಣಿತವನ್ನು ನಿರೂಪಿಸಿದನು: ಪದರದ ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ಮನೆಯ ಒಂದು ಮೂಲೆ ಗಟ್ಟಿನೆಲದಲ್ಲಿಯೂ ಇನ್ನೊಂದು ಹೂಳಿನಲ್ಲಿಯೂ ಇದ್ದರೆ ಎರಡೂ ಸಮನಾಗಿ ಇಳಿಯದೆ ಗೋಡೆ ಓರೆಯಾಗಿ ಸೀಳುತ್ತದೆ. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆಭೂಮಿಯ ಕಷ್ಟವೇ ಬೇರೆ. ಅಲ್ಲಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ; ಆದಕಾರಣ ಹೆಚ್ಚಿನ ಚಲನೆಯಿಲ್ಲದ ಆಳಕ್ಕೆ, ಸಾಮಾನ್ಯವಾಗಿ ಸುಮಾರು 3.5 ಮೀಟರಿಗೆ, ಬುಡದಲ್ಲಿ ಉಬ್ಬಿದ ಕಾಂಕ್ರೀಟು ಕಂಬಗಳನ್ನು ಇಳಿಸುತ್ತಾರೆ. ಇದಕ್ಕೆ ತಗಲುವ ವೆಚ್ಚವನ್ನು ನೆಲದ ಬೆಲೆಗೆ ಸೇರಿಸಿಕೊಂಡೇ ನೋಡಬೇಕು. ಅಗ್ಗದ ನೆಲ ಎಷ್ಟೋ ಸಲ ಹೀಗೆ ದುಬಾರಿಯಾಗುತ್ತದೆ.

ನಮ್ಮ ಸೀಸೆ ಮತ್ತು ಕೊಳವೆಗಳು ಎಂಜಿನಿಯರರ ಪರೀಕ್ಷೆಗೆ ಬದಲಿಯಲ್ಲ. ಅವರನ್ನು ಕರೆಯಬೇಕೇ ಎಂಬುದನ್ನು ಮಾತ್ರ ಅವು ತಿಳಿಸುತ್ತವೆ. ಹಳೆಯ ಗ್ರಾಮನಕ್ಷೆಯನ್ನೂ ನೋಡಿದೆವು. ನಿವೇಶನದ ಹಿಂದಿದ್ದ ಎರಡಡಿಯ ಚರಂಡಿಯು ಅದರಲ್ಲಿ ಅಗಲವಾದ ರಾಜಕಾಲುವೆಯಾಗಿತ್ತು. ಪಕ್ಕದ ತೋಟದ ಮುದುಕರನ್ನು ಕೇಳಿದಾಗ, "ಅದಾ ಸ್ವಾಮಿ? ಕೆರೆ ಕೆಳಗಿನ ಗದ್ದೆ. ನಮ್ಮಪ್ಪನ ಕಾಲದಲ್ಲಿ ಎರಡು ಬೆಳೆ ಭತ್ತ ಆಗ್ತಿತ್ತು" ಎಂದರು. ನಾವು ಅರ್ಧ ದಿನದ ದುಡಿಮೆಯಿಂದ ಕಂಡುಕೊಂಡುದನ್ನು ಅವರು ಕುಳಿತಲ್ಲಿಂದಲೇ ಹೇಳಿದ್ದರು. ವಿದ್ಯಾರ್ಥಿಗಳು ನಕ್ಕರು, ಪರಿಚಿತರು ನಗಲಿಲ್ಲ.

ಅವರ ಮುಂಗಡ ಹಿಂದಿರುಗಲಿಲ್ಲ. ಉಳಿದ ಹಣದಲ್ಲಿ ಅವರು ದಿಣ್ಣೆಯ ಮೇಲೆ 20 ಅಡಿಗೆ 30 ಅಡಿಯ ನಿವೇಶನವೊಂದನ್ನು ಕೊಂಡರು. ಅಲ್ಲಿಂದ ಬಸ್ಸಿಗೆ ಇಪ್ಪತ್ತು ನಿಮಿಷ ನಡೆಯಬೇಕು. ಅವರ ಮನೆಯಾಕೆ ಇದಕ್ಕಾಗಿ ನಮ್ಮನ್ನು ಇನ್ನೂ ಪೂರ್ತಿಯಾಗಿ ಕ್ಷಮಿಸಿಲ್ಲ. ಆ ವರ್ಷ ಅಕ್ಟೋಬರಿನ ದೊಡ್ಡ ಮಳೆಯ ಮರುದಿನ ನಾವು ಹಳೆಯ ನಿವೇಶನದತ್ತ ಹೋಗಿದ್ದೆವು. ಮೂಲೆಗಳಲ್ಲಿ ನೆಟ್ಟ ಗಡಿಕಲ್ಲುಗಳು ನೀರಿನಲ್ಲಿ ಮುಳುಗಿದ್ದವು. ಅದರ ಪಕ್ಕದ ನಿವೇಶನದಲ್ಲಿ ಯಾರೋ ಆಗಲೇ ಪಾಯ ತೆಗೆಸಿದ್ದರು. ಡೀಸೆಲ್ ಪಂಪೊಂದು ಅದರೊಳಗಿನ ನೀರನ್ನು ಎತ್ತಿ ಚರಂಡಿಗೆ ಸುರಿಯುತ್ತಿತ್ತು, ಚರಂಡಿ ತುಂಬಿ ನೀರು ಮತ್ತೆ ಪಾಯಕ್ಕೇ ಬರುತ್ತಿತ್ತು.