ಕಣಿವೆಯ ಮನೆಗಳಿಗೆ ವೈ-ಫೈ ಮೂಲಕ ದೂರವಾಣಿ ಸೌಕರ್ಯ

ಮಲೆನಾಡಿನ ಊರುಗಳು ಬಯಲುಸೀಮೆಯ ಊರುಗಳಂತೆ ಒಂದೇ ಕಡೆ ಗುಂಪುಗೂಡಿ ಇರುವುದಿಲ್ಲವೆಂಬುದು ಸರ್ವರಿಗೂ ವಿದಿತವಾದ ವಿಷಯ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರ, ಯಲ್ಲಾಪುರ ಮೊದಲಾದ ತಾಲ್ಲೂಕುಗಳಲ್ಲಿ ಅಡಿಕೆಯ ತೋಟವು ಕಣಿವೆಯ ತಳದಲ್ಲಿಯೂ, ಮನೆಯು ಅದರ ಅಂಚಿನಲ್ಲಿಯೂ ಇದ್ದು, ಸುತ್ತಲೂ ಸೊಪ್ಪಿನ ಬೆಟ್ಟವೂ ಕಾಡೂ ಆವರಿಸಿಕೊಂಡಿರುವುದು ವಾಡಿಕೆ. ನೀರು, ನೆರಳು, ಗಾಳಿಯ ಮರೆ ಇವುಗಳನ್ನು ನೋಡಿ ಹಿರಿಯರು ಆರಿಸಿಕೊಂಡ ಈ ಸ್ಥಳವೇ ಮೊಬೈಲ್ ದೂರವಾಣಿಗೆ ಅತ್ಯಂತ ಪ್ರತಿಕೂಲವಾಗಿ ಪರಿಣಮಿಸಿರುತ್ತದೆ.

ಭಾರತದಲ್ಲಿ ಮೊಟ್ಟಮೊದಲನೆಯ ಮೊಬೈಲ್ ಕರೆಯು ೧೯೯೫ನೆಯ ಇಸವಿ ಜುಲೈ ೩೧ರಂದು ಕಲ್ಕತ್ತೆಯಿಂದ ದೆಹಲಿಗೆ ಮಾಡಲ್ಪಟ್ಟಿತು. ಅಲ್ಲಿಂದೀಚೆಗೆ ಈ ಸಾಧನವು ಬಡವ ಬಲ್ಲಿದರೆನ್ನದೆ ಎಲ್ಲರ ಕೈಗೂ ಬಂದಿದೆ. ಆದರೆ ಕಣಿವೆಯ ಮನೆಗಳವರು ಇಂದಿಗೂ ಗುಡ್ಡದ ಮೇಲಿನ ಒಂದು ಬಂಡೆಯನ್ನೋ, ರಸ್ತೆಯ ಒಂದು ತಿರುವನ್ನೋ ‘ಸಿಗ್ನಲ್ ಸಿಕ್ಕುವ ಜಾಗ’ವೆಂದು ಗುರುತಿಟ್ಟುಕೊಂಡು ಅಲ್ಲಿಗೆ ಹೋಗಿ ಮಾತನಾಡಬೇಕಾಗಿದೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮಕ್ಕಳು ಪಾಠವನ್ನು ಕೇಳುವುದಕ್ಕಾಗಿ ಇಂತಹ ಗುಡ್ಡಗಳನ್ನು ಹತ್ತುತ್ತಿದ್ದುದನ್ನು ಅನೇಕರು ಕಂಡಿರುವರು.

ಇದು ಕೇವಲ ಅನುಕೂಲದ ಮಾತಲ್ಲ. ಮಳೆಗಾಲದ ರಾತ್ರಿಯಲ್ಲಿ ಮನೆಯವರೊಬ್ಬರಿಗೆ ಹಾವು ಕಚ್ಚಿದರೆ ವಾಹನವನ್ನು ಕರೆಯುವುದಕ್ಕಾಗಿ ಒಬ್ಬನು ದೀಪ ಹಿಡಿದು ಗುಡ್ಡ ಹತ್ತಬೇಕು. ಹಾಗೆ ಕಳೆಯುವ ಅರ್ಧ ಗಂಟೆಯ ಬೆಲೆಯನ್ನು ಯಾರೂ ಲೆಕ್ಕ ಹಾಕಲಾರರು. ತೋಟದ ಕೆಲಸದಲ್ಲಿಯೂ ನಷ್ಟವು ಅಲ್ಪವಲ್ಲ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ ೧ರ ಬೋರ್ಡೋ ದ್ರಾವಣವನ್ನು ಹೊಡೆಯುವವರು ಮಳೆ ಹೊಳವಾದ ದಿನವನ್ನೇ ಕಾಯಬೇಕಾಗುವುದರಿಂದ, ಆ ದಿನ ಬೆಳಿಗ್ಗೆ ಕೊನೆಗಾರರಿಗೆ ಸುದ್ದಿ ಮುಟ್ಟದಿದ್ದರೆ ಅವರು ಬೇರೆಯವರ ತೋಟಕ್ಕೆ ಹೋಗಿಬಿಡುವರು. ಬ್ಯಾಂಕಿನವರು ಕಳುಹಿಸುವ ಗುಪ್ತ ಸಂಖ್ಯೆಯೂ ಹೊತ್ತಿಗೆ ಸರಿಯಾಗಿ ಬಾರದೆ ಹಣದ ವ್ಯವಹಾರವು ನಿಂತುಹೋಗುವುದುಂಟು. ಹೀಗಿರುವಲ್ಲಿ, ಟವರಿನ ಸಹಾಯವಿಲ್ಲದೆಯೇ ಮನೆಯೊಳಗಿನಿಂದ ಮಾತನಾಡುವುದಕ್ಕೆ ಏರ್ಪಟ್ಟಿರುವ ವೈ-ಫೈ ಕರೆಯ ವಿಷಯವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಚೆನ್ನಾಗಿ ತಿಳಿದಿರುವುದು ಅತ್ಯಾವಶ್ಯಕ.

ಸಿಗ್ನಲ್ ದೊರೆಯದಿರುವುದಕ್ಕೆ ಕಾರಣ

ಮೊಬೈಲ್ ಸಾಧನವೂ ಟವರೂ ಒಂದಕ್ಕೊಂದು ರೇಡಿಯೋ ತರಂಗಗಳ ಮೂಲಕ ಮಾತನಾಡುತ್ತವೆ. ಈ ತರಂಗಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಹೋಗತಕ್ಕವು. ನಡುವೆ ಬೆಟ್ಟವು ಅಡ್ಡವಾದರೆ ಅದರ ಹಿಂದಿನ ಕಣಿವೆಯು ನೆರಳಿನಲ್ಲಿ ಬಿದ್ದಂತಾಗುತ್ತದೆ. ಮಳೆಯಿಂದ ತೊಯ್ದ ಎಲೆಗಳು ತರಂಗದ ಬಲವನ್ನು ಹೀರುತ್ತವೆ; ದಪ್ಪನೆಯ ಜಂಬಿಟ್ಟಿಗೆಯ ಗೋಡೆಯೂ ತಗಡಿನ ಮಾಡೂ ಉಳಿದುದನ್ನು ತಡೆಯುತ್ತವೆ. ಅಲ್ಲದೆ, ವಿದ್ಯುಚ್ಛಕ್ತಿಯು ಬಹುಕಾಲ ಇಲ್ಲದೆ ಹೋದಾಗ ಟವರಿನ ಬ್ಯಾಟರಿಯೂ ಬರಿದಾಗಿ ಇದ್ದ ಸಿಗ್ನಲೂ ನಿಲ್ಲುವುದು. ಆದುದರಿಂದ ಹೆಚ್ಚಿನ ಬೆಲೆಯ ಮೊಬೈಲನ್ನು ಕೊಂಡಮಾತ್ರಕ್ಕೆ ಈ ತೊಂದರೆಯು ಪರಿಹಾರವಾಗುವುದಿಲ್ಲ.

ವೈ-ಫೈ ಕರೆಯೆಂದರೇನು

ಮನೆಗೆ ಕೇಬಲ್ ಮೂಲಕ ಇಂಟರ್ನೆಟ್ ಸಂಪರ್ಕವು ಬಂದಿದ್ದರೆ, ರೌಟರ್ ಎಂಬ ಸಣ್ಣ ಪೆಟ್ಟಿಗೆಯು ಅದನ್ನು ಮನೆಯೊಳಗೆ ಹರಡುತ್ತದೆ. ಇದಕ್ಕೆ ವೈ-ಫೈ ಎಂದು ಹೆಸರು. ವೈ-ಫೈ ಕರೆಯಲ್ಲಿ ಮೊಬೈಲು ಟವರನ್ನು ಹುಡುಕುವ ಬದಲು ಈ ಪೆಟ್ಟಿಗೆಯ ಮೂಲಕ ತನ್ನ ಕಂಪನಿಯ ಕೇಂದ್ರವನ್ನು ಸೇರುತ್ತದೆ. ದಾರಿಯುದ್ದಕ್ಕೂ ಮಾತು ಇತರರಿಗೆ ಕೇಳದಂತೆ ಗೂಢಲಿಪಿಯ ರಕ್ಷಣೆಯಲ್ಲಿ ಸಾಗಿ, ಕೇಂದ್ರವನ್ನು ತಲುಪಿದ ಮೇಲೆ ಇತರ ಕರೆಗಳಂತೆಯೇ ಮುಂದೆ ಕಳುಹಿಸಲ್ಪಡುತ್ತದೆ. ಒಂದು ಗದ್ದೆಗೆ ದೊಡ್ಡ ಕಾಲುವೆಯ ನೀರು ಏರದಿದ್ದಾಗ ಪಕ್ಕದ ತೋಡಿನಿಂದ ಹಾಯಿಸಿದರೂ ಬೆಳೆ ಒಂದೇ ಆಗುವಂತೆ, ಇಲ್ಲಿಯೂ ದಾರಿ ಮಾತ್ರ ಬೇರೆ. ದೂರವಾಣಿಯ ಸಂಖ್ಯೆ ಅದೇ, ಮಾತೂ ಅದೇ.

ವಾಟ್ಸಾಪ್ ಮೊದಲಾದವುಗಳ ಮೂಲಕ ಮಾತನಾಡುವುದಕ್ಕೂ ಇದಕ್ಕೂ ವ್ಯತ್ಯಾಸವುಂಟು. ಅಲ್ಲಿ ಇಬ್ಬರ ಬಳಿಯಲ್ಲಿಯೂ ಅದೇ ಏರ್ಪಾಡು ಇರಬೇಕು. ವೈ-ಫೈ ಕರೆಯಲ್ಲಿ ಆಚೆಯವರ ಕೈಯಲ್ಲಿ ಗುಂಡಿಯ ಸಾಧಾರಣ ಮೊಬೈಲಿದ್ದರೂ, ಆಸ್ಪತ್ರೆಯ ಮೇಜಿನ ಮೇಲಿನ ತಂತಿಯ ದೂರವಾಣಿಯಾದರೂ ಕರೆಯು ಮುಟ್ಟುವುದು. ಅವರು ಕರೆದರೂ ಕಣಿವೆಯ ಮನೆಯಲ್ಲಿ ಗಂಟೆ ಬಾರಿಸುವುದು. ಭಾರತದಲ್ಲಿ ಈ ಸೌಕರ್ಯವನ್ನು ಏರ್‌ಟೆಲ್ ಕಂಪನಿಯು ೨೦೧೯ರ ಡಿಸೆಂಬರಿನಲ್ಲಿಯೂ, ಜಿಯೋ ಕಂಪನಿಯು ೨೦೨೦ರ ಜನವರಿಯಲ್ಲಿಯೂ ಪ್ರಾರಂಭಿಸಿದವು. ಬಿ.ಎಸ್.ಎನ್.ಎಲ್. ಸಂಸ್ಥೆಯು ೨೦೨೬ರ ಆರಂಭದಲ್ಲಿ ದೇಶಕ್ಕೆಲ್ಲ ಇದನ್ನು ವಿಸ್ತರಿಸಿರುವುದಾಗಿ ಪ್ರಕಟಿಸಿತು. ಸಾಮಾನ್ಯವಾಗಿ ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಆದರೆ ಸಿಮ್ಮಿನ ಅವಧಿಯು ಮುಗಿಯದಂತೆ ರೀಚಾರ್ಜ್ ಮಾಡಿಸುತ್ತಿರಬೇಕು.

ಬೇಕಾಗುವ ಸಾಮಗ್ರಿ

ಮೊದಲನೆಯದು ಇಂಟರ್ನೆಟ್ ಸಂಪರ್ಕ. ಗ್ರಾಮ ಪಂಚಾಯಿತಿಗಳವರೆಗೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೧೧ರಲ್ಲಿ ಅಂಗೀಕರಿಸಿತು. ಅದೇ ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. ಇದಲ್ಲದೆ ಅನೇಕ ಊರುಗಳಲ್ಲಿ ಟೆಲಿವಿಷನ್ ಕೇಬಲ್ ನಡೆಸುವವರೂ ಫೈಬರ್ ಸಂಪರ್ಕವನ್ನು ಕೊಡುತ್ತಾರೆ. ಗಾಜಿನ ಎಳೆಯಲ್ಲಿ ಬೆಳಕಿನ ರೂಪದಲ್ಲಿ ಸುದ್ದಿ ಹೋಗುವುದರಿಂದ ಬೆಟ್ಟವಾಗಲಿ ಮಳೆಯಾಗಲಿ ಅದಕ್ಕೆ ಅಡ್ಡಿಯಲ್ಲ. ಮರ ಬಿದ್ದು ಕೇಬಲ್ ತುಂಡಾಗದಂತೆ ನೋಡಿಕೊಂಡರೆ ಸಾಕು.

ಮಾತಿಗೆ ಬೇಕಾಗುವ ಇಂಟರ್ನೆಟ್ ಅತ್ಯಲ್ಪ. ಒಂದು ನಿಮಿಷದ ಮಾತಿಗೆ ಸುಮಾರು ಒಂದು ಮೆಗಾಬೈಟ್ ಎಂದು ಹಿಡಿದರೆ, ಒಂದು ಗಂಟೆಗೆ ಅರುವತ್ತು ಮೆಗಾಬೈಟ್ ಮಾತ್ರ ಆಗುವುದು. ಆದುದರಿಂದ ಅತಿ ವೇಗದ, ಅತಿ ಬೆಲೆಯ ಸಂಪರ್ಕವು ಅವಶ್ಯವಿಲ್ಲ. ಸಂಪರ್ಕವು ನಡುನಡುವೆ ಕಡಿಯದೆ ಸ್ಥಿರವಾಗಿರುವುದೇ ಮುಖ್ಯ.

ಕೇಬಲ್ ಬಾರದ ಮನೆಗಳಿಗೂ ಒಂದು ಉಪಾಯವುಂಟು. ಮನೆಯ ಹತ್ತಿರದ ದಿಬ್ಬದ ಮೇಲೆ ಸಿಗ್ನಲ್ ದೊರೆಯುವುದಾದರೆ, ಸಿಮ್ ಹಾಕುವ ಬಗೆಯ ರೌಟರನ್ನು ಅಲ್ಲಿ ಮಳೆ ತಾಗದ ಪೆಟ್ಟಿಗೆಯಲ್ಲಿಟ್ಟು, ವಿದ್ಯುತ್ತನ್ನು ಒದಗಿಸಿ, ಅಲ್ಲಿಂದ ಮನೆಗೆ ನೆಟ್‌ವರ್ಕ್ ಕೇಬಲನ್ನು ಎಳೆಯಬಹುದು. ಈ ಕೇಬಲಿನ ಉದ್ದವು ೧೦೦ ಮೀಟರನ್ನು ಮೀರಬಾರದು. ಅದಕ್ಕಿಂತ ದೂರವಾದರೆ, ನಡುವೆ ಮರದ ಮರೆಯಿಲ್ಲದೆ ಒಂದಕ್ಕೊಂದು ಕಾಣುವಂತೆ ಎರಡು ಆಂಟೆನಾಗಳನ್ನು ನಿಲ್ಲಿಸಿ ವೈ-ಫೈ ತರಂಗವನ್ನೇ ದಾಟಿಸಬಹುದು. ಇದನ್ನು ಕೆಲಸ ಬಲ್ಲವರಿಂದಲೇ ಮಾಡಿಸತಕ್ಕದ್ದು.

ಎರಡನೆಯದು, ಈ ಸೌಕರ್ಯವುಳ್ಳ ಮೊಬೈಲ್. ಗುಂಡಿಯ ಹಳೆಯ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಸ್ಮಾರ್ಟ್‌ಫೋನುಗಳಲ್ಲಿಯೂ ಎಲ್ಲವುಗಳಲ್ಲಿ ಇರುವುದೆಂಬ ನಂಬಿಕೆಯಿಲ್ಲ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ವಿಚಾರಿಸಿ ನೋಡುವುದು ಲೇಸು.

ಮೊಬೈಲಿನಲ್ಲಿ ಮಾಡಬೇಕಾದ ಏರ್ಪಾಡು

ಮೊದಲು ಮೊಬೈಲನ್ನು ಮನೆಯ ವೈ-ಫೈಗೆ ಸೇರಿಸಬೇಕು. ಅನಂತರ ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ, ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂಬ ಭಾಗವನ್ನು ತೆರೆದು, ಅಲ್ಲಿರುವ ವೈ-ಫೈ ಕಾಲಿಂಗ್ ಎಂಬುದನ್ನು ಆನ್ ಮಾಡಬೇಕು. ಎರಡು ಸಿಮ್ ಇದ್ದರೆ ಎರಡಕ್ಕೂ ಪ್ರತ್ಯೇಕವಾಗಿ ಆನ್ ಮಾಡತಕ್ಕದ್ದು. ವೋಲ್ಟ್ ಅಥವಾ ೪ಜಿ ಕಾಲಿಂಗ್ ಎಂಬುದು ಕಂಡರೆ ಅದನ್ನೂ ಆನ್ ಮಾಡಿಡಬೇಕು.

ಏರ್ಪಾಡು ಸರಿಯಾಯಿತೇ ಎಂಬುದನ್ನು ತಿಳಿಯುವುದಕ್ಕೆ ಸುಲಭವಾದ ಪರೀಕ್ಷೆಯಿದೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಟವರಿನ ಸಂಪರ್ಕವು ಪೂರ್ಣವಾಗಿ ಕಡಿದುಹೋಗುವುದು. ಅನಂತರ ವೈ-ಫೈಯನ್ನು ಮಾತ್ರ ಪುನಃ ಆನ್ ಮಾಡಿ ಪರಿಚಿತರೊಬ್ಬರಿಗೆ ಕರೆ ಮಾಡಿ ನೋಡಬೇಕು. ಕರೆಯು ಹೋದರೆ ಅದು ವೈ-ಫೈ ಮೂಲಕವೇ ಹೋದುದೆಂಬುದರಲ್ಲಿ ಸಂದೇಹವಿಲ್ಲ. ಇದೇ ಸ್ಥಿತಿಯಲ್ಲಿ ಒಂದು ಕಿರುಸಂದೇಶವನ್ನು ತರಿಸಿಯೂ ನೋಡಬೇಕು. ಕರೆಯು ಸರಿಯಾಗಿದ್ದರೂ ಸಂದೇಶವು ಬಾರದಿರುವುದುಂಟು. ಹಾಗಾದರೆ ಕಂಪನಿಯವರಿಗೆ ತಿಳಿಸತಕ್ಕದ್ದು. ಪರೀಕ್ಷೆ ಮುಗಿದ ಬಳಿಕ ಏರೋಪ್ಲೇನ್ ಮೋಡನ್ನು ತೆಗೆಯಲು ಮರೆಯಬಾರದು.

ರೌಟರನ್ನು ಮೂಲೆಯ ಕೋಣೆಯಲ್ಲಿಡದೆ ಮನೆಯ ನಡುವೆ, ಎತ್ತರದಲ್ಲಿ, ಕಬ್ಬಿಣದ ಕಪಾಟಿನಿಂದ ದೂರವಾಗಿ ಇಡಬೇಕು. ೨.೪ ಗಿಗಾಹರ್ಟ್ಸ್ ಎಂಬ ಬಗೆಯ ವೈ-ಫೈಯು ೫ ಗಿಗಾಹರ್ಟ್ಸಿನದಕ್ಕಿಂತ ಗೋಡೆಗಳನ್ನು ಚೆನ್ನಾಗಿ ದಾಟುವುದರಿಂದ ಮಾತಿನ ಕೆಲಸಕ್ಕೆ ಅದೇ ಹೆಚ್ಚು ಅನುಕೂಲ. ವೈ-ಫೈ ಮುಟ್ಟುವಷ್ಟು ದೂರ ಮಾತ್ರ ಮಾತು ನಡೆಯುವುದೆಂಬುದನ್ನು ನೆನಪಿನಲ್ಲಿಡಬೇಕು. ಮಾತನಾಡುತ್ತ ತೋಟದೊಳಕ್ಕೆ ಇಳಿದರೆ, ಅಲ್ಲಿ ಟವರಿನ ಸಿಗ್ನಲ್ ಇಲ್ಲದ ಪಕ್ಷದಲ್ಲಿ ಕರೆಯು ನಿಂತುಹೋಗುವುದು.

ವಿದ್ಯುತ್ತು ಮತ್ತು ಸಿಡಿಲಿನ ವಿಷಯ

ಹಿಂದಿನ ಕಾಲದ ತಂತಿಯ ದೂರವಾಣಿಗೆ ಬೇಕಾದ ವಿದ್ಯುತ್ತು ದೂರವಾಣಿ ಕೇಂದ್ರದಿಂದ ತಂತಿಯಲ್ಲಿಯೇ ಬರುತ್ತಿದ್ದುದರಿಂದ ಮನೆಯಲ್ಲಿ ದೀಪವಿಲ್ಲದಿದ್ದರೂ ಅದು ಮಾತನಾಡುತ್ತಿತ್ತು. ಫೈಬರಿನ ಪೆಟ್ಟಿಗೆಗೆ ಈ ಗುಣವಿಲ್ಲ. ಮನೆಯ ವಿದ್ಯುತ್ತು ಹೋದೊಡನೆ ಅದು ಮೂಕವಾಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಇಲ್ಲದಿರುವ ರಾತ್ರಿಯೇ ದೂರವಾಣಿಯು ಹೆಚ್ಚು ಬೇಕಾಗುವ ರಾತ್ರಿಯಾದುದರಿಂದ, ಬ್ಯಾಟರಿಯ ಏರ್ಪಾಡಿಲ್ಲದ ಸಂಪರ್ಕವು ಅರ್ಧ ಸಂಪರ್ಕವೆಂದೇ ತಿಳಿಯಬೇಕು. ಈ ಪೆಟ್ಟಿಗೆಗಳಿಗೆ ಬೇಕಾಗುವ ವಿದ್ಯುತ್ತು ಒಂದು ಸಣ್ಣ ಎಲ್.ಇ.ಡಿ. ದೀಪಕ್ಕೆ ಬೇಕಾಗುವಷ್ಟೇ ಆದುದರಿಂದ, ಮನೆಯ ಇನ್ವರ್ಟರಿಗೆ ಸೇರಿಸಬಹುದು. ಅಥವಾ ರೌಟರಿಗೆಂದೇ ದೊರೆಯುವ ಸಣ್ಣ ಯು.ಪಿ.ಎಸ್. ಒಂದನ್ನು ಇಡಬಹುದು. ಆದರೆ ಕೇಬಲಿನ ಆಚೆಯ ತುದಿಯಲ್ಲಿರುವ ಯಂತ್ರಕ್ಕೂ ವಿದ್ಯುತ್ತು ಬೇಕು. ಅಲ್ಲಿ ಎಷ್ಟು ಗಂಟೆಯ ಬ್ಯಾಟರಿಯಿದೆಯೆಂಬುದನ್ನು ಸಂಪರ್ಕ ಪಡೆಯುವ ಮೊದಲೇ ಕೇಳಿ ತಿಳಿಯತಕ್ಕದ್ದು.

ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯುವುದಿಲ್ಲ. ಆದರೆ ಅದಕ್ಕೆ ಆಧಾರವಾಗಿರುವ ಉಕ್ಕಿನ ತಂತಿಯಲ್ಲಿಯೂ, ಮನೆಯ ವಿದ್ಯುತ್ ತಂತಿಯಲ್ಲಿಯೂ ಹರಿಯಬಹುದು. ಆದಕಾರಣ ಗುಡುಗು ಸಮೀಪಿಸುವ ಮೊದಲೇ ಪ್ಲಗ್ಗನ್ನು ಕಿತ್ತು, ರೌಟರನ್ನು ಬ್ಯಾಟರಿಯಿಂದಲೇ ನಡೆಸುವುದು ಉತ್ತಮ.

ಎಚ್ಚರದಿಂದಿರಬೇಕಾದ ಎರಡು ವಿಷಯಗಳು

ತುರ್ತು ಸಮಯದಲ್ಲಿ ೧೦೮ ಅಥವಾ ೧೧೨ನ್ನು ಕರೆಯುವುದು ಎಲ್ಲರಿಗೂ ತಿಳಿದಿರುವುದು. ವೈ-ಫೈ ಮೂಲಕ ಕರೆಯುವಾಗ ಮೊಬೈಲು ಯಾವ ಟವರಿಗೂ ಸೇರಿರದಿರುವುದರಿಂದ, ಕರೆಯು ಎಲ್ಲಿಂದ ಬಂದಿತೆಂಬುದು ಆಚೆಯವರಿಗೆ ತಾನಾಗಿ ತಿಳಿಯದೆ ಹೋಗಬಹುದು. ಕೆಲವು ವೇಳೆ ಇಂತಹ ಮೂರಂಕಿಯ ಸಂಖ್ಯೆಗೆ ಕರೆಯೇ ಹೋಗದಿರಬಹುದು. ಆದುದರಿಂದ ತಾಲ್ಲೂಕು ಆಸ್ಪತ್ರೆ, ಪೊಲೀಸ್ ಠಾಣೆ, ಊರಿನಲ್ಲಿ ಜೀಪು ಇರುವ ಮನೆ ಇವುಗಳ ಪೂರ್ಣ ಸಂಖ್ಯೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿಡಬೇಕು. ಕರೆಯುವವರು ಮೊದಲು ತಾಲ್ಲೂಕು, ಗ್ರಾಮ, ಮನೆಗೆ ತಿರುಗುವ ದಾರಿಯ ಗುರುತು ಇವುಗಳನ್ನು ಹೇಳಿ, ಅನಂತರ ಸಂಗತಿಯನ್ನು ಹೇಳುವುದನ್ನು ಮನೆಯ ಮಕ್ಕಳಿಗೂ ಕಲಿಸಿಡಬೇಕು.

ಎರಡನೆಯದಾಗಿ, ‘ಸಿಗ್ನಲ್ ಬೂಸ್ಟರ್’ ಎಂಬ ಹೆಸರಿನಿಂದ ಮಾರಲ್ಪಡುವ ಯಂತ್ರಗಳಿಗೆ ಯಾರೂ ಮರುಳಾಗಬಾರದು. ಅನುಮತಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ, ಒಬ್ಬನು ತನ್ನ ಮನೆಯಲ್ಲಿ ಇಂತಹ ಯಂತ್ರವನ್ನು ಹಾಕಿದರೆ ಟವರಿನ ತರಂಗಗಳು ಕಲುಷಿತವಾಗಿ ಸುತ್ತಲಿನವರಿಗೆ ದೊರೆಯುತ್ತಿದ್ದ ಸಿಗ್ನಲೂ ಕೆಡುತ್ತದೆ. ಮೇಲಿನ ತೋಟದವನು ಹಳ್ಳಕ್ಕೆ ಕಟ್ಟೆ ಹಾಕಿ ಕೆಳಗಿನವರ ನೀರನ್ನು ತಡೆದಂತೆಯೇ ಇದು. ವೈ-ಫೈ ಕರೆಯಿಂದ ಇಂತಹ ಬಾಧೆಯು ಯಾರಿಗೂ ಇಲ್ಲ.

ಗ್ರಾಮದ ಮುಖಂಡರ ಕರ್ತವ್ಯ

ಅನುಕೂಲವುಳ್ಳ ಜಮೀನುದಾರರು ತಮ್ಮ ಮನೆಗೆ ಈ ಸೌಕರ್ಯವನ್ನು ಸುಲಭವಾಗಿ ಮಾಡಿಸಿಕೊಳ್ಳಬಲ್ಲರು. ಆದರೆ ಹಾವು ಕಚ್ಚುವುದು ಕೂಲಿಯವನ ಬಿಡಾರದಲ್ಲಿಯೂ ಉಂಟು. ಹೆರಿಗೆಯ ನೋವು ಗುಡ್ಡದಾಚೆಯ ಗುಡಿಸಲಿನಲ್ಲಿಯೂ ಉಂಟು. ಕೇಬಲ್ ಎಳೆಯುವವರು ಒಂದು ಮನೆಗಾಗಿ ಕಾಡಿನೊಳಗೆ ಬರಲು ಹಿಂಜರಿಯುವರು. ಹತ್ತು ಮನೆಗಳವರು ಕೂಡಿ ಕೇಳಿದರೆ ಒಪ್ಪಿಯಾರು. ಹೀಗೆ ಕೂಡಿಸುವ ಕೆಲಸವು ಮುಖಂಡರಿಂದಲೇ ಆಗಬೇಕು. ಕಂಬಗಳನ್ನು ತಮ್ಮ ಜಮೀನಿನಲ್ಲಿ ನಿಲ್ಲಿಸಲು ಒಪ್ಪುವುದೂ, ಮಳೆಗಾಲಕ್ಕೆ ಮುಂಚೆ ಕೇಬಲಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸುವುದೂ ದೊಡ್ಡ ವೆಚ್ಚದ ಕೆಲಸಗಳಲ್ಲ.

ಸಂಪರ್ಕ ಪಡೆಯಲಾರದವರಿಗಾಗಿ ಊರಿಗೊಂದು ಸಾರ್ವಜನಿಕ ಸ್ಥಳವನ್ನು ಏರ್ಪಡಿಸುವುದು ಯುಕ್ತ. ಕೇಂದ್ರ ಸರ್ಕಾರವು ೨೦೨೦ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಪಿಎಂ-ವಾಣಿ ಎಂಬ ಯೋಜನೆಯ ಮೇರೆಗೆ, ಕಿರಾಣಿ ಅಂಗಡಿಯವರೂ ಸಹ ಪ್ರತ್ಯೇಕ ಪರವಾನಗಿಯಿಲ್ಲದೆ ಸಾರ್ವಜನಿಕ ವೈ-ಫೈಯನ್ನು ನಡೆಸಬಹುದಾಗಿದೆ. ಸಹಕಾರ ಸಂಘದ ಕಟ್ಟಡ, ಹಾಲಿನ ಡೇರಿ, ಶಾಲೆ ಇವುಗಳಲ್ಲೊಂದರ ಜಗಲಿಯು ಇದಕ್ಕೆ ತಕ್ಕುದು. ಅಲ್ಲಿಂದ ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಎಂಬ ಶುಲ್ಕವಿಲ್ಲದ ಸಂಖ್ಯೆಗೆ ಮಾತನಾಡಿ ಬೆಳೆಯ ರೋಗಗಳ ವಿಷಯದಲ್ಲಿ ಸಲಹೆಯನ್ನೂ ಪಡೆಯಬಹುದು.

ಪ್ರತಿ ಕಣಿವೆಗೂ ಟವರು ಬರುವವರೆಗೆ ಕಾಯುವುದು ಮಳೆಯನ್ನು ನಂಬಿ ಕೆರೆಯ ತೂಬನ್ನು ಮರೆತಂತಾಗುವುದು. ಟವರಿಗಾಗಿ ಅರ್ಜಿ ಕೊಡುವುದನ್ನು ಬಿಡಬೇಕಾಗಿಲ್ಲ. ಆದರೆ ಈಗ ದೊರೆಯುವ ಸಾಧನವನ್ನು ಉಪಯೋಗಿಸದೆ ಇರುವುದೂ ಸರಿಯಲ್ಲ. ಬರುವ ಮುಂಗಾರಿಗೆ ಮುಂಚೆಯೇ ಪ್ರತಿಯೊಬ್ಬ ಮುಖಂಡರೂ ತಮ್ಮ ಗ್ರಾಮದಲ್ಲಿ ಯಾವ ಯಾವ ಮನೆಗಳು ಸಿಗ್ನಲಿನ ನೆರಳಿನಲ್ಲಿವೆ, ಫೈಬರ್ ಕೇಬಲ್ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ವಿಚಾರಿಸಿ ಪಟ್ಟಿ ಮಾಡುವುದು ಒಳ್ಳೆಯದು. ಆ ಪಟ್ಟಿಯು ಸಿದ್ಧವಾದರೆ ಕೆಲಸದ ಅರ್ಧವು ಮುಗಿದಂತೆ. ಉಳಿದರ್ಧವನ್ನು ಊರಿನ ಒಗ್ಗಟ್ಟು ಮಾಡಿ ಮುಗಿಸುವುದು; ರಾತ್ರಿಯಲ್ಲಿ ದೀಪ ಹಿಡಿದು ಗುಡ್ಡ ಹತ್ತುವ ಕಷ್ಟವು ಮುಂದಿನ ಮಳೆಗಾಲಕ್ಕಾದರೂ ತಪ್ಪುವುದು.