ಮ್ಯಾಲಿಂಕ್ರಾಟ್ ಸಂಸ್ಥೆ: ಕಾರ್ಖಾನೆ ಮತ್ತು ವಿಶ್ವವಿದ್ಯಾಲಯದ ನಂಟು

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮ್ಯಾಲಿಂಕ್ರಾಟ್ ವಿಕಿರಣಶಾಸ್ತ್ರ ಸಂಸ್ಥೆಯು ವೈದ್ಯಕೀಯ ಚಿತ್ರಣ ಕ್ಷೇತ್ರದ ಹಿರಿಯ ಕೇಂದ್ರಗಳಲ್ಲೊಂದು. ಅದು ಹೊತ್ತಿರುವ ಹೆಸರು ವೈದ್ಯರದ್ದಲ್ಲ, ವಿಜ್ಞಾನಿಯದ್ದೂ ಅಲ್ಲ. ರಾಸಾಯನಿಕ ತಯಾರಕರ ಮನೆತನವೊಂದರದ್ದು. ಉದ್ಯಮಿಗಳಾದ ನಮ್ಮ ಓದುಗರಿಗೆ ಅದರ ಚರಿತ್ರೆಯನ್ನು ಪರಿಚಯಿಸಲು ಇದೊಂದು ಕಾರಣ ಸಾಕು.

1867ರಲ್ಲಿ ಮ್ಯಾಲಿಂಕ್ರಾಟ್ ಮನೆತನದ ಮೂವರು ಸಹೋದರರು ಆ ನಗರದಲ್ಲಿ ಸಣ್ಣದೊಂದು ಕಾರ್ಖಾನೆ ಸ್ಥಾಪಿಸಿದರು. ಇಬ್ಬರು ಬೇಗನೆ ತೀರಿಕೊಂಡರು. ಉಳಿದ ಎಡ್ವರ್ಡ್ ಅವರೇ ಉದ್ಯಮವನ್ನು ಬೆಳೆಸಿದರು. ಅರಿವಳಿಕೆಯ ಈಥರ್, ಛಾಯಾಗ್ರಹಣದ ರಾಸಾಯನಿಕಗಳು ಮುಂತಾದ, ಶುದ್ಧತೆಯ ಮೇಲೆಯೇ ಬೆಲೆ ನಿಲ್ಲುವ ಸರಕುಗಳು ಅವರವು.

1920ರ ದಶಕದ ಆರಂಭದಲ್ಲಿ ಕ್ಷ-ಕಿರಣ ಚಿತ್ರದಲ್ಲಿ ಮೂಳೆ ಕಾಣುತ್ತಿತ್ತೇ ಹೊರತು ಪಿತ್ತಕೋಶ ಕಾಣುತ್ತಿರಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಇವಾರ್ಟ್ಸ್ ಗ್ರಹಾಂ ಮತ್ತು ಅವರ ಕಿರಿಯ ಸಹೋದ್ಯೋಗಿ ವಾರೆನ್ ಕೋಲ್ ಒಂದು ಉಪಾಯ ಹೂಡಿದರು. ಫಿನಾಲ್ಫ್ಥಲೀನ್‌ನ ಕೆಲವು ಸಂಯುಕ್ತಗಳು ಪಿತ್ತದೊಡನೆ ವಿಸರ್ಜನೆಯಾಗುವುದು ಮೊದಲೇ ತಿಳಿದಿತ್ತು. ಅವುಗಳಿಗೆ ಬ್ರೋಮಿನ್ ಅಥವಾ ಅಯೋಡಿನ್ ಸೇರಿಸಿದರೆ ಕ್ಷ-ಕಿರಣವನ್ನು ತಡೆದು ನೆರಳು ಮೂಡಿಸಬೇಕಲ್ಲವೇ? ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಒಂದರ ಹಿಂದೊಂದು ವಿಫಲವಾದವು. ಕೊನೆಗೆ ಒಂದು ನಾಯಿಯಲ್ಲಿ ಮಾತ್ರ ನೆರಳು ಮೂಡಿತು. ವಿಚಾರಿಸಿದಾಗ, ಅಂದು ಅದಕ್ಕೆ ಆಹಾರ ಕೊಡುವುದನ್ನು ಆಳು ಮರೆತಿದ್ದನೆಂದು ತಿಳಿಯಿತಂತೆ. ಉಂಡ ಹೊಟ್ಟೆಯಲ್ಲಿ ಪಿತ್ತಕೋಶ ಬರಿದಾಗುತ್ತದೆ. ಉಪವಾಸವಿದ್ದಾಗ ಮಾತ್ರ ದ್ರವ್ಯ ಅಲ್ಲಿ ಸಂಗ್ರಹವಾಗುತ್ತದೆ. 1924ರಲ್ಲಿ ಮನುಷ್ಯರ ಪಿತ್ತಕೋಶದ ಚಿತ್ರವೂ ಲಭಿಸಿತು. ಈ ದ್ರವ್ಯವನ್ನು ಮಾರಾಟಕ್ಕೆ ತಯಾರಿಸಿದ್ದು ಅದೇ ಊರಿನ ಮ್ಯಾಲಿಂಕ್ರಾಟ್ ಕಾರ್ಖಾನೆ. ಸಂಶೋಧಕರಿಗೆ ಶುದ್ಧ ದ್ರವ್ಯ ದೊರೆಯಿತು, ಕಾರ್ಖಾನೆಗೆ ಹೊಸ ಸರಕು ದೊರೆಯಿತು.

ಈ ಯಶಸ್ಸಿನ ಹಿನ್ನೆಲೆಯಲ್ಲಿ ತಂದೆ ಎಡ್ವರ್ಡ್ ಮತ್ತು ಅದೇ ಹೆಸರಿನ ಮಗ ನೀಡಿದ ದಾನ, ರಾಕ್‌ಫೆಲರ್ ಧನದ ಶಿಕ್ಷಣ ಮಂಡಳಿಯ ನೆರವು ಕೂಡಿ 1931ರಲ್ಲಿ ಸಂಸ್ಥೆಯ ಕಟ್ಟಡ ತೆರೆಯಿತು. ತಂದೆ 1928ರಲ್ಲೇ ನಿಧನರಾಗಿದ್ದರು. ಷರ್ವುಡ್ ಮೂರ್ ಮೊದಲ ನಿರ್ದೇಶಕರು.

ಸಂಸ್ಥೆಯ ಎರಡನೆಯ ದೊಡ್ಡ ಸಾಧನೆ ಪೆಟ್ ಸ್ಕ್ಯಾನ್. ಮೈಕೆಲ್ ಟೆರ್-ಪೊಗೋಸ್ಸಿಯನ್ ಎಂಬ ಭೌತವಿಜ್ಞಾನಿ ಅಲ್ಪಾಯುಷಿ ವಿಕಿರಣಶೀಲ ಧಾತುಗಳನ್ನು ರೋಗಿಗಳ ಪರೀಕ್ಷೆಗೆ ಬಳಸಬಯಸಿದರು. ಆಕ್ಸಿಜನ್-15ರ ಅರ್ಧಾಯುಷ್ಯ ಸುಮಾರು 2 ನಿಮಿಷ; ಅಂಥ ಸರಕನ್ನು ಬೇರೆ ಊರಿನಿಂದ ತರಿಸುವ ಮಾತೇ ಇಲ್ಲ. ಆದ್ದರಿಂದ 1960ರ ದಶಕದಲ್ಲಿ ಆಸ್ಪತ್ರೆಯ ಆವರಣದಲ್ಲಿಯೇ ಸೈಕ್ಲೋಟ್ರಾನ್ ಸ್ಥಾಪಿಸಲಾಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅದಕ್ಕೂ ಮುಂಚೆ ಒಂದಿತ್ತು. ಅಮೆರಿಕದ ವೈದ್ಯಕೀಯ ಕೇಂದ್ರಗಳಲ್ಲಿ ಮಾತ್ರ ಇದೇ ಮೊದಲು. ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ ಮುಂತಾದವರೊಡನೆ ರೂಪಿಸಿದ ಯಂತ್ರದ ವಿವರ 1975ರಲ್ಲಿ ಪ್ರಕಟವಾಯಿತು.

ಆದರೆ ಯಂತ್ರದ ವ್ಯಾಪಾರ ಬೆಳೆದದ್ದು ಸೇಂಟ್ ಲೂಯಿಸಿನಲ್ಲಲ್ಲ. ಟೆನೆಸ್ಸಿ ರಾಜ್ಯದ ಆರ್ಟೆಕ್ ಕಂಪನಿ ಅದನ್ನು ಮಾರಾಟಕ್ಕೆ ತಯಾರಿಸಿತು; ಆ ವಿಭಾಗದಿಂದ ಹುಟ್ಟಿದ ಸಿ.ಟಿ.ಐ. ಸಂಸ್ಥೆಯನ್ನು 2005ರಲ್ಲಿ ಸೀಮೆನ್ಸ್ ಸುಮಾರು ನೂರು ಕೋಟಿ ಡಾಲರಿಗೆ ಕೊಂಡಿತು. ನಡುವಿನ ಕಾಲ ಸುಲಭದ್ದಾಗಿರಲಿಲ್ಲ. ಪೆಟ್ ಬಹುಕಾಲ ಸಂಶೋಧನಾ ಉಪಕರಣವಾಗಿಯೇ ಉಳಿದಿತ್ತು. ಅಮೆರಿಕದ ಸರ್ಕಾರಿ ವಿಮಾ ಯೋಜನೆ ಕೆಲವು ಕ್ಯಾನ್ಸರ್ ಪರೀಕ್ಷೆಗಳ ವೆಚ್ಚ ಭರಿಸಲು ತೊಡಗಿದ್ದು 1998ರಲ್ಲಿ. ಯಂತ್ರದ ಗುಣವೆಷ್ಟೇ ಇರಲಿ, ಬಿಲ್ಲು ಪಾವತಿಸುವವರು ಯಾರೆಂಬುದು ತೀರ್ಮಾನವಾಗುವವರೆಗೆ ಕಾಯಬೇಕಾಯಿತು. 1971ರಿಂದ 1999ರವರೆಗೆ ನಿರ್ದೇಶಕರಾಗಿದ್ದ ರೊನಾಲ್ಡ್ ಇವೆನ್ಸ್ ಅವರಿಗೆ ಈ ಲೆಕ್ಕಾಚಾರ ಅರಿವಿನಲ್ಲಿತ್ತು, ಸಿ.ಟಿ. ಯಂತ್ರಗಳ ಖರ್ಚುವೆಚ್ಚದ ವಿಶ್ಲೇಷಣೆಯನ್ನು ಅವರು 1970ರ ದಶಕದಲ್ಲೇ ಪ್ರಕಟಿಸಿದ್ದರು. ವೈದ್ಯರಲ್ಲಿ ಇಂಥ ಪ್ರವೃತ್ತಿ ಅಪರೂಪ.

ಇನ್ನು ಮೂಲ ಕಂಪನಿಯ ಗತಿ. 1980ರ ದಶಕದಲ್ಲಿ ಅದು ಬೇರೆ ಉದ್ಯಮಸಮೂಹದ ಪಾಲಾಯಿತು, ಮುಂದೆಯೂ ಹಲವು ಕೈ ಬದಲಾಯಿಸಿತು. ನೆರಳು ಮೂಡಿಸುವ ದ್ರವ್ಯಗಳ ವಿಭಾಗವನ್ನು 2015ರಲ್ಲಿ ಫ್ರಾನ್ಸಿನ ಗೆರ್ಬೆ ಕಂಪನಿ ಖರೀದಿಸಿತು. 2020ರಲ್ಲಿ, ಓಪಿಯಾಯ್ಡ್ ಔಷಧಗಳ ಮೊಕದ್ದಮೆಗಳ ಭಾರದಿಂದ, ಮ್ಯಾಲಿಂಕ್ರಾಟ್ ಕಂಪನಿ ದಿವಾಳಿ ಸಂರಕ್ಷಣೆ ಕೋರಿತು. ವಿಶ್ವವಿದ್ಯಾಲಯದ ಸಂಸ್ಥೆಯು ಆ ಹೆಸರನ್ನು ಬದಲಾಯಿಸದೆ ಉಳಿಸಿಕೊಂಡಿದೆ.