ಮರುಭೂಮಿಯ ಮೃಗಗಳೂ ನಮ್ಮ ಬಯಲುಸೀಮೆಯೂ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ಹಿರಿಯರು ಹೇಳುತ್ತಾರೆ. ದೇಶ ಸುತ್ತುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲವಾದ್ದರಿಂದ ನಾವು ಅಧ್ಯಾಪಕರು ತರಗತಿಯಲ್ಲಿ ನಕ್ಷೆಯನ್ನು ಬಿಡಿಸಿ ಅದರ ಮೇಲೆಯೇ ನಿಮ್ಮನ್ನು ಸುತ್ತಿಸುತ್ತೇವೆ. ಕಳೆದ ವರ್ಷ ಹೀಗೆಯೇ ಆಫ್ರಿಕ ಖಂಡದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ನಿಮ್ಮ ಊರಿನ ಕಡೆಯಲ್ಲಿಯೂ ಇಂತಹ ಮೃಗಗಳು ಉಂಟೆ?” ಎಂದು ಕೇಳಿದನು. ನಮ್ಮ ಊರು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸೀಮೆಯಲ್ಲಿದೆ. ನಾವು ನಕ್ಕು, “ನಮ್ಮ ಕಡೆ ಏನಿದೆಯಪ್ಪ! ಬರಿಯ ಬಯಲು, ಬಿಸಿಲು, ಬಂಡೆ” ಎಂದೆವು. ತರಗತಿಯೂ ನಕ್ಕಿತು, ಪಾಠ ಮುಂದುವರಿಯಿತು.

ಆ ಉತ್ತರ ತಪ್ಪಾಗಿತ್ತು. ವಿದ್ಯಾರ್ಥಿಯ ತಪ್ಪನ್ನು ಕೆಂಪು ಶಾಯಿಯಿಂದ ತಿದ್ದುವ ಅಧ್ಯಾಪಕನು ತನ್ನ ತಪ್ಪನ್ನು ತಿದ್ದದೆ ಬಿಡುವುದು ನ್ಯಾಯವಲ್ಲ. ಡಿಸೆಂಬರಿನ ರಜೆಯಲ್ಲಿ ಗೆಳೆಯರಿಬ್ಬರೊಡನೆ ಊರ ಕಡೆಗೆ ಹೋಗಿ ಕಂಡದ್ದನ್ನೂ, ಪುಸ್ತಕಗಳಿಂದ ತಿಳಿದದ್ದನ್ನೂ ಕೂಡಿಸಿ ಆ ತಿದ್ದುಪಡಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆಫ್ರಿಕದ ಮಾತು. ಆ ಖಂಡದ ದಕ್ಷಿಣ ಭಾಗದ ಮರುಭೂಮಿಗಳನ್ನು ನೋಡಬಯಸುವ ಪ್ರವಾಸಿಗರು ಸಾಮಾನ್ಯವಾಗಿ ಕೇಪ್‌ಟೌನ್ ನಗರದಿಂದ ಮೋಟಾರು ಬಂಡಿಗಳಲ್ಲಿ ಉತ್ತರಕ್ಕೆ ಹೊರಡುತ್ತಾರೆ. ಆರೆಂಜ್ ನದಿಯನ್ನು ದಾಟಿದರೆ ನಮೀಬಿಯ ದೇಶ. ಅದರ ಪಶ್ಚಿಮದಂಚಿನಲ್ಲಿ, ಅಟ್ಲಾಂಟಿಕ್ ಸಮುದ್ರದ ಉದ್ದಕ್ಕೂ, ನಮೀಬ್ ಮರುಭೂಮಿ ಹಬ್ಬಿದೆ. ಸಮುದ್ರದ ಮಗ್ಗುಲಲ್ಲೇ ಮರುಭೂಮಿಯೆ ಎಂದು ನೀವು ಕೇಳಬಹುದು. ಆ ತೀರವನ್ನು ತಾಕಿಕೊಂಡು ದಕ್ಷಿಣದಿಂದ ಬೆಂಗುವೆಲ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ಮೇಲಿನ ಗಾಳಿ ತಂಪಾಗಿ ಭಾರವಾಗಿ ಕೆಳಗೇ ಉಳಿಯುವುದರಿಂದ ಮೋಡ ಮೇಲೇರಿ ಮಳೆಯಾಗದು; ಮಂಜು ಮಾತ್ರ ನೆಲದ ಮೇಲೆ ತೇಲಿ ಬರುತ್ತದೆ. ಅಲ್ಲಿಯ ಜೀರುಂಡೆಯೊಂದು ಮರಳದಿಣ್ಣೆಯ ನೆತ್ತಿಗೆ ಹತ್ತಿ, ತಲೆಯನ್ನು ಕೆಳಗೆ ಮಾಡಿ ಬೆನ್ನನ್ನು ಮಂಜಿಗೆ ಒಡ್ಡಿ ನಿಲ್ಲುತ್ತದೆ. ಬೆನ್ನಿನ ಮೇಲೆ ಕೂಡಿದ ಹನಿ ಜಾರಿ ಬಾಯಿಗೆ ಬೀಳುತ್ತದೆ. ಮುನ್ನೂರು ಮೀಟರಿಗೂ ಮಿಕ್ಕ ಎತ್ತರದ ಕೆಂಪು ಮರಳದಿಣ್ಣೆಗಳ ನಡುವೆ ಆರಿಕ್ಸ್ ಎಂಬ ನೀಳಕೊಂಬಿನ ಮೃಗ ಬಾಳುತ್ತದೆ. ಅದರ ಮೈ ಸುಡುಬಿಸಿಲಿಗೆ ಕಾದರೂ, ಮೂಗಿನೊಳಗೆ ತಂಪಾದ ರಕ್ತವು ಮೆದುಳಿಗೆ ಹೋಗುವ ರಕ್ತದ ಬಿಸಿಯನ್ನು ಇಳಿಸುವುದರಿಂದ ಅದಕ್ಕೆ ಕೇಡಿಲ್ಲ.

ಇನ್ನೂ ಉತ್ತರಕ್ಕೆ ಹೋದರೆ ಎಟೋಷ ಎಂಬ ಮಹಾ ಅಭಯಾರಣ್ಯ. ಅದರ ನಡುವೆ ನೀರಿಲ್ಲದ ಉಪ್ಪಿನ ಬಯಲೊಂದು ಬೆಳ್ಳಗೆ ಹರಡಿದೆ. ಒಣಗಾಲದಲ್ಲಿ ಆನೆ, ಜಿರಾಫೆ, ಸಿಂಹ, ಸ್ಪ್ರಿಂಗ್‌ಬಕ್ ಜಿಂಕೆ ಮೊದಲಾದ ಎಲ್ಲ ಮೃಗಗಳೂ ಅಲ್ಲೊಂದು ಇಲ್ಲೊಂದು ಇರುವ ನೀರಿನ ಹೊಂಡಗಳಿಗೆ ಬಂದೇ ತೀರಬೇಕು. ಆದಕಾರಣ ಬಲ್ಲ ಪ್ರವಾಸಿಗನು ಬಂಡಿಯನ್ನು ಅತ್ತಿತ್ತ ಓಡಿಸದೆ ಒಂದು ಹೊಂಡದ ಬಳಿ ನಿಲ್ಲಿಸಿ, ಮಾತನಾಡದೆ ಕಾದು ಕೂರುತ್ತಾನೆ. ಮರುಭೂಮಿಯಲ್ಲಿ ಮೃಗಗಳನ್ನು ನೋಡುವ ವಿದ್ಯೆಯೆಂದರೆ ಇಷ್ಟೆ: ನೀರು ಎಲ್ಲಿದೆ ಎಂದು ತಿಳಿಯುವುದು, ಸದ್ದಿಲ್ಲದೆ ಕೂರುವುದು.

ಈ ವಿದ್ಯೆಯನ್ನು ಕಲಿಯಲು ಸಮುದ್ರವನ್ನು ದಾಟಬೇಕಾಗಿಲ್ಲ. ಚೆನ್ನೈನಿಂದ ಮುಂಬಯಿಗೆ ಹೋಗುವ ರೈಲು ರೇಣಿಗುಂಟೆ, ಕಡಪಗಳನ್ನು ಹಾದು ಗುಂತಕಲ್ಲನ್ನು ಸೇರುತ್ತದೆ. ಅಲ್ಲಿಂದ ಬಳ್ಳಾರಿ, ಹೊಸಪೇಟೆಗಳ ಕಡೆಗೆ ಬೇರೆ ಹಾದಿ. ರಾತ್ರಿ ಮಲಗಿದಾಗ ಕಿಟಕಿಯ ಹೊರಗೆ ತೆಂಗು, ಗದ್ದೆ. ಬೆಳಗ್ಗೆ ಎದ್ದಾಗ ಕೆಂಪು ನೆಲ, ಕಪ್ಪು ಎರೆ, ಒಂದರ ಮೇಲೊಂದು ಜೋಡಿಸಿಟ್ಟಂತಹ ಬಂಡೆಗಳು. ಚೆನ್ನೈಗೆ ವರ್ಷದಲ್ಲಿ ಸುಮಾರು 1400 ಮಿಲಿಮೀಟರ್ ಮಳೆ ಬೀಳುತ್ತದೆ. ಬಳ್ಳಾರಿಯ ಕಡೆ ಅದರ ಅರ್ಧವೂ ಇಲ್ಲ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯ ಪಡುವಣ ಮಗ್ಗುಲಲ್ಲೇ ತಮ್ಮ ನೀರನ್ನೆಲ್ಲ ಸುರಿದು ಬರಿಗೈಯಲ್ಲಿ ಇತ್ತ ಬರುವುದೇ ಇದಕ್ಕೆ ಕಾರಣ. 250 ಮಿಲಿಮೀಟರಿಗಿಂತ ಕಡಮೆ ಮಳೆಯಾಗುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿಯೆನ್ನುವರು. ಆ ಲೆಕ್ಕದಲ್ಲಿ ನಮ್ಮದು ಮರುಭೂಮಿಯಲ್ಲ; ಹುಲ್ಲು, ಮುಳ್ಳುಕಂಟಿ, ಬಂಡೆಗಳ ಒಣನಾಡು.

ಹೊಸಪೇಟೆಯಲ್ಲಿಳಿದು ನಾವು ಮೊದಲು ಹೋದದ್ದು ದರೋಜಿ ಕರಡಿಧಾಮಕ್ಕೆ. ಹಂಪೆಗೆ ಸಮೀಪದಲ್ಲಿರುವ ಈ ಗುಡ್ಡಗಾಡನ್ನು 1994ರಲ್ಲಿ ಕರಡಿಗಳಿಗಾಗಿಯೇ ಮೀಸಲಿಟ್ಟರು. ಬೇರೆಯವರ ಕಣ್ಣಿಗೆ ಅದು ಬಂಡೆಗಳ ರಾಶಿ. ಕರಡಿಯ ಕಣ್ಣಿಗೆ ಅದು ಮನೆ. ಬಂಡೆಗಳ ಸಂದಿನ ಗವಿಗಳು ಹಗಲಿನಲ್ಲಿ ತಂಪಾಗಿರುವುವು. ಸುತ್ತಲೂ ಕವಳೆ, ಬಾರೆ ಹಣ್ಣುಗಳು, ಜೇನು, ಎಲ್ಲಕ್ಕಿಂತ ಮಿಗಿಲಾಗಿ ಗೆದ್ದಲಿನ ಹುತ್ತಗಳು. ನಮ್ಮ ಕರಡಿಯ ಮೇಲ್ದವಡೆಯ ಮುಂಭಾಗದಲ್ಲಿ ನಡುವಿನ ಎರಡು ಹಲ್ಲುಗಳಿಲ್ಲ. ಅದು ನೀಳವಾದ ಉಗುರುಗಳಿಂದ ಹುತ್ತವನ್ನು ಅಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಹಲ್ಲಿನ ಸಂದಿನಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಪ್ರವಾಸಿಗರ ಕಣ್ಣಿಗೆ ಕರಡಿಗಳು ಬೀಳಲೆಂದು ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿಯುವ ಪದ್ಧತಿ ಅಲ್ಲಿ ಬಹುಕಾಲ ನಡೆದುಬಂದಿತು.

ಮಧ್ಯಾಹ್ನ ವೀಕ್ಷಣಾ ಗೋಪುರವನ್ನು ಹತ್ತಿ ಕುಳಿತೆವು. ಒಂದು ಗಂಟೆಯ ಕಾಲ ನವಿಲುಗಳ ಹೊರತು ಏನೂ ಇಲ್ಲ. ‘ನಾವು ಅಂದು ಹೇಳಿದ ಉತ್ತರವೇ ಸರಿಯೇನೋ’ ಎಂದುಕೊಳ್ಳುತ್ತಿರುವಾಗಲೇ ಎದುರು ಬಂಡೆಯ ನೆರಳೊಂದು ಅಲುಗಿತು. ನೆರಳೆಂದು ನಾವು ತಿಳಿದದ್ದು ಕರಡಿ! ಅದರ ಹಿಂದೆಯೇ ಚೆನ್ನಾಗಿ ಬೆಳೆದ ಮರಿಯೊಂದು ಇಳಿದು ಬಂದಿತು. ಎಳೆಯ ಮರಿಗಳಾದರೆ ತಾಯಿಯ ಬೆನ್ನಿನ ಕೂದಲನ್ನು ಹಿಡಿದು ಸವಾರಿ ಮಾಡುತ್ತವೆಯಂತೆ. ಇದು ಆ ವಯಸ್ಸನ್ನು ದಾಟಿತ್ತು. ಹುಟ್ಟಿದ ಊರಿನಿಂದ ಒಂದು ಹಗಲಿನ ದಾರಿಯಲ್ಲಿದ್ದ ಈ ಮೃಗವನ್ನು, ಮೂವತ್ತು ವರ್ಷಗಳನ್ನು ಕಳೆದ ಮೇಲೆ, ಚೆನ್ನೈನಿಂದ ಬಂದು ಮೊದಲ ಬಾರಿಗೆ ನೋಡಿದೆವು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮನ್ನು ಕುರಿತೇ ಹುಟ್ಟಿದಂತೆ ತೋರಿತು.

ಅಲ್ಲಿಂದ ಬಸ್ಸಿನಲ್ಲಿ ಹರಪನಹಳ್ಳಿ, ಹರಿಹರಗಳ ಮೇಲೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಹೋದೆವು. ಕೃಷ್ಣಮೃಗಗಳ ರಕ್ಷಣೆಗಾಗಿ 1974ರಲ್ಲಿ ಏರ್ಪಟ್ಟ ಅಭಯಾರಣ್ಯ ಅಲ್ಲಿದೆ. ಉತ್ತರ ಕರ್ನಾಟಕದ ಜನ ಈ ಮೃಗವನ್ನು ‘ಚಿಗರಿ’ ಎನ್ನುವರು. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬುಗಳು ತಿರುಪಿನಂತೆ ಸುತ್ತಿಕೊಂಡವು. ಹೆಣ್ಣಿಗೆ ಮಣ್ಣಿನ ಬಣ್ಣ. ಬೆದರಿದಾಗ ಹಿಂಡಿಗೆ ಹಿಂಡೇ ಚೆಂಡುಗಳಂತೆ ನೆಗೆಯುತ್ತ ಓಡುವುದನ್ನು ನೋಡಿದರೆ, ಎಟೋಷದ ಸ್ಪ್ರಿಂಗ್‌ಬಕ್ ಜಿಂಕೆಯನ್ನು ನೋಡಲಿಲ್ಲವೆಂಬ ಕೊರಗು ಉಳಿಯದು. ಅತ್ತ ಗಂಗಾವತಿಯ ಕಡೆ ಬಂಕಾಪುರದಲ್ಲಿ ತೋಳಗಳಿಗೂ ಒಂದು ಧಾಮ ಏರ್ಪಟ್ಟಿದೆ.

ಆದರೆ ಕಂಡದ್ದನ್ನು ಮಾತ್ರ ಹೇಳಿ, ಕಾಣದೆ ಹೋದದ್ದನ್ನು ಮುಚ್ಚಿಟ್ಟರೆ ತಿದ್ದುಪಡಿ ಪೂರ್ತಿಯಾಗದು. ನಮೀಬಿಯ, ಬೋಟ್ಸ್ವಾನಗಳ ಹುಲ್ಲುಬಯಲಿನಲ್ಲಿ ಕೋರಿ ಬಸ್ಟರ್ಡ್ ಎಂಬ ಹೆಬ್ಬಕ್ಕಿ ಗಂಭೀರವಾಗಿ ನಡೆಯುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಅದೂ ಒಂದು. ಅದರ ಒಡಹುಟ್ಟಿನಂತಹ ಹಕ್ಕಿ ನಮ್ಮ ಎರೆನೆಲದ್ದು. ಸುಮಾರು ಒಂದು ಮೀಟರ್ ಎತ್ತರ. ಎರ್ಲಡ್ಡು ಎಂದೂ ಎರೆಭೂತ ಎಂದೂ ಅದಕ್ಕೆ ಹೆಸರು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ನೇಗಿಲು ಹಾಯದ ವಿಸ್ತಾರವಾದ ಬೀಳು ಇಲ್ಲದಿದ್ದರೆ ಅದರ ವಂಶ ಮುಂದುವರಿಯದು. ಡಾ. ಸಲೀಂ ಅಲಿಯವರು ಈ ಹಕ್ಕಿಯೇ ರಾಷ್ಟ್ರಪಕ್ಷಿಯಾಗಲೆಂದು ಬಯಸಿದ್ದರು; 1963ರಲ್ಲಿ ಆ ಪದವಿ ನವಿಲಿಗೆ ಸಂದಿತು. ಈಗ ದೇಶದಲ್ಲೆಲ್ಲ ಉಳಿದಿರುವ ಎರೆಭೂತಗಳು ಸುಮಾರು ನೂರೈವತ್ತಕ್ಕೆ ಮೀರವು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬೆರಳೆಣಿಕೆಯ ಹಕ್ಕಿಗಳು ಕಂಡುಬಂದದ್ದು ನಮ್ಮ ಸಿರುಗುಪ್ಪದ ಸೀಮೆಯಲ್ಲಿಯೇ.

ಎರಡು ದಿನ ಅಲ್ಲಿ ಅಲೆದೆವು, ಹಕ್ಕಿ ಕಾಣಲಿಲ್ಲ. ನಮ್ಮ ತಂದೆಯವರನ್ನು ಕೇಳಿದಾಗ, “ನಾವು ಸಣ್ಣವರಿದ್ದಾಗ ಬೀಳಿನಾಗ ಓಡಾಡ್ತಿದ್ವು. ಆಮೇಲೆ ಆ ಬೀಳು ಎಲ್ಲಿ ಉಳೀತು? ನಾವೇ ಒಡೆದು ಹತ್ತಿ ಹಾಕಿದೆವಲ್ಲ” ಎಂದರು. ತುಂಗಭದ್ರೆಯ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿದ ಮೇಲೆ ನಮ್ಮ ಸೀಮೆ ಭತ್ತದ ಕಣಜವಾಯಿತು. ಆ ಭತ್ತ, ಆ ಹತ್ತಿಗಳ ದುಡ್ಡಿನಿಂದಲೇ ನಾವು ಶಾಲೆಗೆ ಹೋದೆವು, ನಾಲ್ಕಕ್ಷರ ಕಲಿತೆವು. ಹಸಿದವನು ಬೀಳನ್ನು ಒಡೆದರೆ ಅವನನ್ನು ಹಳಿಯಲಾರೆವು. ಆದರೆ ಆ ಬೀಳಿನಲ್ಲಿ ಮೊದಲೇ ಯಾರೋ ಬಾಳುತ್ತಿದ್ದರೆಂಬುದನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಮಾತ್ರ ನಿಜ.

ಇನ್ನೊಂದು ಮೃಗದ ಕತೆ ಇದಕ್ಕಿಂತ ದೊಡ್ಡದು. ತಮಿಳು ಪತ್ರಿಕೆಗಳಲ್ಲಿ ನೀವು ‘ಸಿವಿಂಗಿಪ್ಪುಲಿ’ ಎಂಬ ಮಾತನ್ನು ಓದಿರಬಹುದು, ಅದು ಚೀತಾ. ಹಳೆಯ ಕನ್ನಡದಲ್ಲಿಯೂ ಅದಕ್ಕೆ ‘ಸಿವಂಗಿ’ ಎಂಬ ಹೆಸರುಂಟು. ಹೆಸರಿದೆಯೆಂದರೆ ಮೃಗವೂ ಇದ್ದಿತೆಂದೇ ಅರ್ಥ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಬೇಟೆಗಾಗಿ ಚೀತಾಗಳನ್ನು ಸಾಕಿದ್ದನು. ಬೇಟೆಯೂ ಹುಲ್ಲುಬಯಲುಗಳ ನಾಶವೂ ಕೂಡಿ ಈ ಮೃಗ ಕ್ಷೀಣಿಸಿತು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಿದ್ದವು. 1952ರಲ್ಲಿ ನಮ್ಮ ದೇಶದಲ್ಲಿ ಚೀತಾ ಇಲ್ಲವೆಂದು ಸರ್ಕಾರವೇ ಸಾರಿತು. ಎಪ್ಪತ್ತು ವರ್ಷಗಳ ಮೇಲೆ, 2022ರ ಸೆಪ್ಟೆಂಬರ್ 17ರಂದು, ಅದೇ ನಮೀಬಿಯದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಬಿಟ್ಟರು. ಮರುವರ್ಷ ದಕ್ಷಿಣ ಆಫ್ರಿಕದಿಂದ ಹನ್ನೆರಡು ಬಂದವು. ಕೆಲವು ಸತ್ತವು, ಕೆಲವು ಇಲ್ಲಿಯೇ ಮರಿ ಹಾಕಿದವು. ನೋಡಿದಿರಾ ವಿದ್ಯಾರ್ಥಿಗಳೆ, ಮನೆಯಲ್ಲಿದ್ದುದನ್ನು ಕಳೆದುಕೊಂಡು ಕಡಲಾಚೆಯಿಂದ ಬೇಡಿ ತರಬೇಕಾಯಿತು.

ಇಷ್ಟಕ್ಕೆಲ್ಲ ಮೂಲವೇನು? ನಮ್ಮ ದೃಷ್ಟಿಯಲ್ಲಿ, ಒಂದು ಮಾತು. ಉಳುಮೆಗೆ ಬಾರದ ನೆಲವನ್ನು ಕಂದಾಯದ ದಫ್ತರಗಳಲ್ಲಿ ‘ಖರಾಬು’ ಎಂದು ಬರೆಯುತ್ತಾರೆ. ಖರಾಬು ಎಂದರೆ ಕೆಟ್ಟದ್ದು. ಕೆಟ್ಟದ್ದೆಂದ ಮೇಲೆ ಅದನ್ನು ಏನು ಮಾಡಿದರೂ ಸರಿಯೆಂದಾಯಿತು: ಗಣಿ ತೋಡಬಹುದು, ಕಸ ಸುರಿಯಬಹುದು. ಒಳ್ಳೆಯ ಮನಸ್ಸಿನಿಂದಲೂ ಕೇಡಾಗುವುದುಂಟು. ರಾಣೆಬೆನ್ನೂರಿನ ಹುಲ್ಲುಬಯಲನ್ನು ಹಸುರು ಮಾಡಲೆಂದು ನೀಲಗಿರಿ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಮರ ಬೆಳೆಯಿತು; ತೆರೆದ ಬಯಲನ್ನೇ ನಂಬಿದ್ದ ಎರೆಭೂತ ಅಲ್ಲಿಂದ ಮರೆಯಾಯಿತು. ಮರವಿಲ್ಲದ ನೆಲವೆಲ್ಲ ಬಡನೆಲವಲ್ಲ. ಹುಲ್ಲಿಗೂ ತನ್ನದೇ ಆದ ಸಂಸಾರವುಂಟು.

ಈಗ ನಮ್ಮ ಪಲ್ಲಾವರಕ್ಕೆ ಹಿಂದಿರುಗೋಣ. 1863ರ ಮೇ ತಿಂಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲಿಯ ದಂಡಿನ ಕವಾಯತು ಮೈದಾನದ ಜಲ್ಲಿನೆಲದಲ್ಲಿ ಒಂದು ಕಲ್ಲನ್ನು ಹೆಕ್ಕಿದರು. ಅದು ಆದಿಮಾನವನು ಕೆತ್ತಿದ ಆಯುಧವಾಗಿದ್ದಿತು. ಭಾರತದ ಹಳೆ ಶಿಲಾಯುಗದ ಅಧ್ಯಯನ ಮೊದಲಾದದ್ದು ಆ ಕಲ್ಲಿನಿಂದ. ಎಷ್ಟು ಸಾವಿರ ಬೂಟುಗಳು ಅದೇ ಮೈದಾನವನ್ನು ತುಳಿದು ಹೋಗಿದ್ದವೋ! ಅವರಿಗೆಲ್ಲ ಅದು ಬರಿಯ ನೆಲ. ಅದೇ ಫೂಟ್‌ರವರು ಮುಂದೆ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯನ್ನು ಸುತ್ತಿ, ಅದರ ಭೂರಚನೆಯನ್ನು ಕುರಿತು 1895ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಎರಡೂ ಕಡೆ ಅವರು ಮಾಡಿದ್ದು ಒಂದೇ ಕೆಲಸ: ಏನೂ ಇಲ್ಲವೆಂದು ಜನ ತಿಳಿದ ಕಡೆ ಬಗ್ಗಿ ನೋಡಿದರು.

ನೀವೂ ಹಾಗೆ ನೋಡಬಹುದು. ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋದರೆ ಸಮೀಪದಲ್ಲೇ ಗಿಂಡಿ. ಅಲ್ಲಿಯ ರಾಷ್ಟ್ರೀಯ ಉದ್ಯಾನದಲ್ಲಿ, ನಗರದ ನಡುಮಧ್ಯದಲ್ಲಿ, ರಾಣೆಬೆನ್ನೂರಿನ ಚಿಗರಿಯ ಬಂಧುಗಳು ಇಂದಿಗೂ ಮೇಯುತ್ತಿವೆ. ಇನ್ನೊಂದು ಕಡೆ ಪಳ್ಳಿಕರಣೆಯ ಜೌಗು. ಬಹುಕಾಲ ಅದನ್ನೂ ಕೆಲಸಕ್ಕೆ ಬಾರದ ನೆಲವೆಂದೇ ಎಣಿಸಿ, ಬಹುಭಾಗವನ್ನು ಕಟ್ಟಡಗಳಿಗೂ ಕಸಕ್ಕೂ ಬಲಿಕೊಟ್ಟರು. ಉಳಿದ ಭಾಗಕ್ಕೆ 2022ರಲ್ಲಿ ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ರಾಜಹಂಸಗಳು ಅಲ್ಲಿಗೆ ಬರುತ್ತವೆ. ಭಾನುವಾರ ಬೆಳಗ್ಗೆ ಹೋಗಿ, ದಡದಲ್ಲಿ ಸದ್ದಿಲ್ಲದೆ ಕುಳಿತು ನೋಡಿರಿ. ಎಟೋಷದ ಹೊಂಡದ ಬಳಿಯಲ್ಲಿಯೂ ದರೋಜಿಯ ಗೋಪುರದ ಮೇಲೂ ಬೇಕಾದುದು ಅದೇ ತಾಳ್ಮೆ.

ಮುಂದೆ ನಿಮ್ಮಲ್ಲಿ ಯಾರಾದರೂ ನಮೀಬಿಯಕ್ಕೆ ಹೋಗಿ ಬಂದರೆ ನಮಗೆ ಸಂತೋಷವೇ. ಆದರೆ ಅಲ್ಲಿಯವರು, “ನಿಮ್ಮ ಊರಿನಲ್ಲಿ ಏನಿದೆ?” ಎಂದು ಕೇಳಿದಾಗ, ನಾವು ಅಂದು ತರಗತಿಯಲ್ಲಿ ಕೊಟ್ಟ ಉತ್ತರವನ್ನು ನೀವು ಕೊಡಬೇಡಿರಿ. ಹಿಂದಿನ ಬೆಂಚಿನಿಂದ ಪ್ರಶ್ನೆ ಕೇಳಿದ ಹುಡುಗನು ಈ ಲೇಖನವನ್ನು ಓದುವನೆಂದು ನಂಬಿದ್ದೇವೆ. ಅವನಿಗೆ ಕೊಡಬೇಕಾಗಿದ್ದ ಸರಿಯಾದ ಉತ್ತರ ಇದು: “ಉಂಟಪ್ಪ, ಇನ್ನೂ ಕೆಲವು ಉಳಿದಿವೆ. ಇರುವಾಗಲೇ ಹೋಗಿ ನೋಡು.”